ಹಕ್ಕಿಗಳ ಹಿತೈಷಿ ಸಲೀಂ ಅಲಿ

ಭಾರತದ ಹಕ್ಕಿಗಳ ವಿಷಯದಲ್ಲಿ ಏನನ್ನಾದರೂ ಅರಿಯಬಯಸುವವರು ಇಂದಿಗೂ ಮೊದಲು ಕೇಳುವ ಹೆಸರು ಸಲೀಂ ಅಲಿ ಅವರದು. ಅವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಒಂದು ವರ್ಷದ ಮಗುವಾಗಿದ್ದಾಗ ತಂದೆಯನ್ನೂ ಮೂರು ವರ್ಷದವರಾಗಿದ್ದಾಗ ತಾಯಿಯನ್ನೂ ಕಳೆದುಕೊಂಡ ಆ ಬಾಲಕನನ್ನು ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ತಮ್ಮ ಸ್ವಂತ ಮಗನಂತೆ ಸಾಕಿದರು. ಖೇತವಾಡಿಯಲ್ಲಿದ್ದ ಆ ಮನೆ ಮಕ್ಕಳಿಂದ ತುಂಬಿದ ದೊಡ್ಡ ಮನೆ. ಮಾವನಿಗೆ ಬೇಟೆಯ ಹವ್ಯಾಸವಿತ್ತು. ಹುಡುಗನ ಕೈಗೂ ಅವರು ಒಂದು ಪುಟ್ಟ ಗಾಳಿಕೋವಿಯನ್ನು ಕೊಟ್ಟರು.

ಮುಂದೆ ಹಕ್ಕಿಗಳ ಪರಮಮಿತ್ರ ಎನಿಸಿಕೊಂಡ ಈ ಮನುಷ್ಯ ಹಕ್ಕಿಗಳ ಲೋಕವನ್ನು ಪ್ರವೇಶಿಸಿದ್ದು ಕೋವಿಯ ಮೂಲಕ ಎಂಬುದು ಮರೆಮಾಚಬೇಕಾದ ಸಂಗತಿಯಲ್ಲ. ಅವರೂ ಅದನ್ನು ಎಂದೂ ಮರೆಮಾಚಲಿಲ್ಲ. ಹತ್ತು ವರ್ಷದ ಸಲೀಂ ಕುದುರೆಲಾಯದ ಗೋಡೆಯಲ್ಲಿ ಗೂಡು ಮಾಡಿದ್ದ ಒಂದು ಗುಬ್ಬಚ್ಚಿಯ ಜೋಡಿಯನ್ನು ಕಂಡನು. ಹೆಣ್ಣು ಒಳಗೆ ಮೊಟ್ಟೆಗಳ ಮೇಲೆ ಕುಳಿತಿರುತ್ತಿತ್ತು. ಗಂಡು ಹೊರಗಿನ ಗೂಟದ ಮೇಲೆ ಕಾವಲಿರುತ್ತಿತ್ತು. ಹುಡುಗ ಅಡಗಿ ಕುಳಿತು ಗಂಡನ್ನು ಹೊಡೆದನು. ಸ್ವಲ್ಪ ಹೊತ್ತಿನಲ್ಲಿಯೇ ಮತ್ತೊಂದು ಗಂಡು ಬಂದು ಅದೇ ಗೂಟದ ಮೇಲೆ ಕಾವಲು ನಿಂತಿತು. ಅದನ್ನೂ ಹೊಡೆದನು. ಹೀಗೆ ಏಳು ದಿನಗಳಲ್ಲಿ ಎಂಟು ಗಂಡುಗಳು ಅವನ ಕೋವಿಗೆ ಬಲಿಯಾದವು. ಇದು ಕ್ರೌರ್ಯವೇ ಸರಿ. ಆದರೆ ಆ ಹುಡುಗ ಕೊಂದು ಸುಮ್ಮನಾಗಲಿಲ್ಲ. ಪ್ರತಿಸಲವೂ ಹೊಸ ಗಂಡು ಎಲ್ಲಿಂದಲೋ ಬಂದು ಸೇರಿತೆಂಬುದನ್ನು ಗಮನಿಸಿ ಒಂದು ಕಾಗದದಲ್ಲಿ ಬರೆದಿಟ್ಟನು. ಸುಮಾರು ಅರವತ್ತು ವರ್ಷಗಳ ತರುವಾಯ ಆ ಬಾಲ್ಯದ ಟಿಪ್ಪಣಿ ಪಕ್ಷಿವೀಕ್ಷಕರ ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

ಆ ದಿನಗಳಲ್ಲಿಯೇ ಇನ್ನೊಂದು ಘಟನೆ ನಡೆಯಿತು. ಹುಡುಗ ಹೊಡೆದ ಗುಬ್ಬಿಯೊಂದರ ಕೊರಳಿನ ಮೇಲೆ ಹಳದಿಯ ಮಚ್ಚೆಯಿತ್ತು. ಅದು ಯಾವ ಹಕ್ಕಿಯೆಂದು ಮಾವನಿಗೂ ತಿಳಿಯಲಿಲ್ಲ. ಅವರು ಹುಡುಗನನ್ನು ಮುಂಬಯಿ ನಿಸರ್ಗ ಇತಿಹಾಸ ಸಂಘಕ್ಕೆ ಕಳುಹಿಸಿದರು. ಸತ್ತ ಗುಬ್ಬಿಯನ್ನು ಕಾಗದದ ಪೊಟ್ಟಣದಲ್ಲಿ ಹಿಡಿದು ಅಳುಕುತ್ತ ಬಂದ ಬಾಲಕನನ್ನು ಸಂಘದ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬ ಆಂಗ್ಲರು ಪ್ರೀತಿಯಿಂದ ಕಂಡರು. ಅದು ಹಳದಿಕೊರಳಿನ ಗುಬ್ಬಿಯೆಂದು ತಿಳಿಸಿ, ಕಪಾಟುಗಳಲ್ಲಿ ಸಾಲುಸಾಲಾಗಿ ಜೋಡಿಸಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನು ಕೊಟ್ಟರು. ಆ ದಿನ ತೆರೆದ ಆ ಸಂಸ್ಥೆಯ ಬಾಗಿಲು ಸಲೀಂ ಅಲಿಯವರ ಪಾಲಿಗೆ ಜೀವಮಾನದ ಕೊನೆಯವರೆಗೂ ತೆರೆದೇ ಇತ್ತು.

ಆದರೆ ಹಕ್ಕಿಗಳನ್ನು ನೋಡುವುದೇ ಒಂದು ಉದ್ಯೋಗವಾಗಬಲ್ಲದೆಂದು ಆ ಕಾಲದಲ್ಲಿ ಯಾರೂ ಎಣಿಸಿರಲಿಲ್ಲ. ಕಾಲೇಜಿನ ಓದು ಅರ್ಧಕ್ಕೆ ನಿಂತಿತು. ಬರ್ಮಾ ದೇಶದ ತವಾಯ್‌ಗೆ ಹೋಗಿ ಗಣಿ ಮತ್ತು ಮರದ ವ್ಯಾಪಾರದಲ್ಲಿ ಸೋದರನಿಗೆ ನೆರವಾದರು. ವ್ಯಾಪಾರ ಕೈಹತ್ತಲಿಲ್ಲ, ಅಲ್ಲಿನ ಕಾಡುಗಳ ಹಕ್ಕಿಗಳು ಮಾತ್ರ ಮನಸ್ಸನ್ನು ತುಂಬಿದವು. ಹಿಂದಿರುಗಿ ಬಂದು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿದರು. 1918ರಲ್ಲಿ ತೆಹ್ಮಿನಾ ಅವರೊಡನೆ ವಿವಾಹವಾಯಿತು. ದೊಡ್ಡ ಪದವಿಯಿಲ್ಲದ ಕಾರಣ ಭಾರತೀಯ ಪ್ರಾಣಿಸರ್ವೇಕ್ಷಣ ಇಲಾಖೆಯಲ್ಲಿ ಹುದ್ದೆ ದೊರೆಯಲಿಲ್ಲ. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಸಂದರ್ಶಕರಿಗೆ ವಿವರಣೆ ನೀಡುವ ಕೆಲಸ ಸಿಕ್ಕಿತು. ಅಲ್ಲಿಂದ ರಜೆ ಪಡೆದು ಜರ್ಮನಿಗೆ ತೆರಳಿ, ಬರ್ಲಿನ್ನಿನಲ್ಲಿ ಪ್ರೊಫೆಸರ್ ಎರ್ವಿನ್ ಸ್ಟ್ರೆಸೆಮಾನ್ ಅವರಲ್ಲಿ ಪಕ್ಷಿಶಾಸ್ತ್ರದ ಶಿಕ್ಷಣ ಪಡೆದರು. ಆ ಮಹನೀಯರನ್ನು ಸಲೀಂ ಅಲಿ ತಮ್ಮ ಗುರುವೆಂದು ಕೊನೆಯವರೆಗೂ ಗೌರವಿಸಿದರು. ಕೇವಲ ಸತ್ತ ಹಕ್ಕಿಯ ಗರಿಗಳನ್ನು ಅಳೆಯುವುದಲ್ಲ, ಬದುಕಿರುವ ಹಕ್ಕಿ ತನ್ನ ನೆಲೆಯಲ್ಲಿ ಹೇಗೆ ಬಾಳುತ್ತದೆಂಬುದನ್ನು ತಿಳಿಯುವುದೇ ಮುಖ್ಯವೆಂಬ ಹೊಸ ದೃಷ್ಟಿ ಅವರಿಗೆ ಅಲ್ಲಿ ದೃಢವಾಯಿತು.

1930ರಲ್ಲಿ ಸ್ವದೇಶಕ್ಕೆ ಮರಳಿದಾಗ ಹಣದ ಅಭಾವದಿಂದ ಅವರ ಹುದ್ದೆಯೇ ರದ್ದಾಗಿತ್ತು. ಮುಂಬಯಿಯ ಬಾಡಿಗೆ ಮನೆಯ ಖರ್ಚನ್ನು ತಾಳಲಾರದೆ ದಂಪತಿಗಳು ಕೊಲ್ಲಿಯ ಆಚೆಯ ದಡದಲ್ಲಿರುವ ಕಿಹೀಂ ಎಂಬ ಕಡಲತೀರದ ಹಳ್ಳಿಯ ಮನೆಯಲ್ಲಿ ನೆಲೆಸಿದರು. ಮನೆಯ ಬಳಿಯಲ್ಲಿಯೇ ಗೀಜಗ ಹಕ್ಕಿಗಳ ಒಂದು ವಸಾಹತು ಇತ್ತು. ಉದ್ಯೋಗವಿಲ್ಲದ ವಿದ್ವಾಂಸನಿಗೆ ಕಾಲಾವಕಾಶಕ್ಕೆ ಕೊರತೆ ಇರಲಿಲ್ಲ. ಏಣಿಯೊಂದರ ಮೇಲೆ ಬಟ್ಟೆಯ ಮರೆ ಕಟ್ಟಿಕೊಂಡು, ಹಕ್ಕಿಗಳಿಗೆ ತಮ್ಮ ಇರವು ತಿಳಿಯದಂತೆ ಗಂಟೆಗಟ್ಟಲೆ ಕುಳಿತು ನೋಡಿದರು.

ಗೀಜಗನ ಗೂಡು ನಮ್ಮ ನಾಡಿನವರಿಗೆ ಹೊಸದಲ್ಲ. ಬಾವಿಯ ಮೇಲೆ ಬಾಗಿದ ಕೊಂಬೆಗಳಲ್ಲಿ ಸೋರೆಬುರುಡೆಯಂತೆ ತೂಗಾಡುವ ಆ ಹೆಣಿಗೆಯನ್ನು ಎಲ್ಲರೂ ಕಂಡಿರುತ್ತಾರೆ. ಅವುಗಳ ನಡುವೆ ಅರ್ಧಕ್ಕೇ ನಿಂತ, ಶಿರಸ್ತ್ರಾಣದ ಆಕಾರದ ಹಲವು ಗೂಡುಗಳೂ ಇರುತ್ತವೆ. ಕಟ್ಟುತ್ತಿದ್ದ ಹಕ್ಕಿ ಸತ್ತಿತೋ, ಯಾರಾದರೂ ಬೆದರಿಸಿ ಓಡಿಸಿದರೋ ಎಂದು ನೋಡುವವರು ಮರುಗುವುದುಂಟು. ಸಲೀಂ ಅಲಿಯವರು ಕಂಡುಕೊಂಡ ಸತ್ಯವೇ ಬೇರೆ. ಗೂಡನ್ನು ಹೆಣೆಯುವುದು ಗಂಡು. ಅದು ಅರ್ಧ ಮುಗಿಯುವ ವೇಳೆಗೆ ಹೆಣ್ಣುಗಳು ಬಂದು ಪರೀಕ್ಷಿಸುತ್ತವೆ. ಒಂದು ಹೆಣ್ಣಿಗೆ ಒಪ್ಪಿಗೆಯಾದರೆ ಗಂಡು ಉಳಿದ ಭಾಗವನ್ನೂ ಉದ್ದನೆಯ ನಾಳವನ್ನೂ ಹೆಣೆದು ಮುಗಿಸುತ್ತದೆ. ಅನಂತರ ಇನ್ನೊಂದು ಗೂಡಿಗೆ, ಇನ್ನೊಂದು ಹೆಣ್ಣಿಗಾಗಿ ಕೈಹಾಕುತ್ತದೆ. ಯಾವ ಹೆಣ್ಣಿಗೂ ಒಪ್ಪಿಗೆಯಾಗದ ಗೂಡು ಅಲ್ಲಿಯೇ ನಿಲ್ಲುತ್ತದೆ. ನೋಡುವವನ ಕಣ್ಣಿಗೆ ದುರಂತವೆಂದು ತೋರಿದ್ದು ಹಕ್ಕಿಗಳ ಬಾಳಿನಲ್ಲಿ ನಿತ್ಯದ ವ್ಯವಹಾರ! ಈ ಅಧ್ಯಯನ ಸಲೀಂ ಅಲಿಯವರಿಗೆ ವಿಜ್ಞಾನಲೋಕದಲ್ಲಿ ಹೆಸರು ತಂದಿತು.

ಹಕ್ಕಿಗಳ ವಿಷಯದಲ್ಲಿ ಮರುಕ ಪಡುವುದಕ್ಕೆ ಮುಂಚೆ ನೋಡಬೇಕೆಂಬ ಈ ಮಾತು ಗೀಜಗನಿಗಷ್ಟೇ ಅನ್ವಯಿಸುವುದಿಲ್ಲ. ಕೂಡ್ಲಿಗಿ, ಕೊಟ್ಟೂರುಗಳ ಕಡೆಯ ಒಣ ಹೊಲಗಳಲ್ಲಿ ಟಿಟ್ಟಿಭ ಹಕ್ಕಿ ಗೂಡನ್ನೇ ಕಟ್ಟದೆ ಬರಿ ನೆಲದ ಮೇಲೆ, ಹರಳುಕಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ. ಮೊಟ್ಟೆಗಳ ಬಣ್ಣ ಮಣ್ಣು ಕಲ್ಲುಗಳಿಗೆ ಎಷ್ಟು ಹೊಂದಿಕೊಂಡಿರುತ್ತದೆಂದರೆ ಕಾಲಬುಡದಲ್ಲಿದ್ದರೂ ಕಾಣುವುದಿಲ್ಲ. ಕಂಡವರು ಪಾಪವೆಂದು ಬಗೆದು ಅವನ್ನು ಪೊದೆಯ ನೆರಳಿಗೆ ಸಾಗಿಸಿದರೆ ತಾಯಿ ಅವನ್ನು ತನ್ನವೆಂದು ಗುರುತಿಸಲಾರದು. ಮೊಟ್ಟೆಗಳು ತಣ್ಣಗಾಗಿ ಕೆಡುತ್ತವೆ. ಕೂಗುತ್ತ ತಲೆಯ ಮೇಲೆ ಸುತ್ತುವ ಹಕ್ಕಿ ಬೇಡುವುದು ಒಂದನ್ನೇ: ಬಂದವರು ಬಂದ ದಾರಿಯಲ್ಲಿ ದೂರ ಸರಿಯಲಿ ಎಂದು.

ನೆಲದ ಮೇಲೆ ಕುಪ್ಪಳಿಸುವ ಮರಿಗಳ ವಿಷಯವೂ ಹೀಗೆಯೇ. ಗರಿಗಳು ಬಲಿತು, ಹಾರಾಟ ಇನ್ನೂ ಬಾರದ ಮರಿಗಳು ಕೆಲವು ದಿನ ನೆಲದಲ್ಲಿಯೂ ಗಿಡಗಳ ಬುಡದಲ್ಲಿಯೂ ಓಡಾಡುವುದು ಸಹಜ. ತಾಯಿತಂದೆಗಳು ಹತ್ತಿರದಲ್ಲಿಯೇ ಇದ್ದು ಗುಟುಕು ಕೊಡುತ್ತಿರುತ್ತವೆ. ಅನಾಥವೆಂದು ಎತ್ತಿಕೊಂಡು ಮನೆಗೆ ತಂದರೆ ಆ ಮರಿ ನಿಜವಾಗಿಯೂ ಅನಾಥವಾಗುತ್ತದೆ. ನಾಯಿ ಬೆಕ್ಕುಗಳ ಭಯವಿದ್ದರೆ ಅಲ್ಲಿಯೇ ಎತ್ತರದ ಕೊಂಬೆಗೆ ಏರಿಸಿ ದೂರ ನಿಂತರೆ ಸಾಕು. ಗರಿಯೇ ಮೂಡದ ಮರಿ ಕೆಳಗೆ ಬಿದ್ದಿದ್ದರೆ ಅದನ್ನು ಗೂಡಿಗೇ ಹಿಂದಿರುಗಿಸಬೇಕು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ತಿರಸ್ಕರಿಸುತ್ತದೆಂಬುದು ಬರಿಯ ಮೂಢನಂಬಿಕೆ. ಗಾಳಿಪಟದ ದಾರಕ್ಕೆ ಸಿಲುಕಿ ರೆಕ್ಕೆ ಹರಿದುಕೊಂಡ ಹಕ್ಕಿಯ ಮಾತು ಬೇರೆ. ಅದಕ್ಕೆ ನೆರವು ಬೇಕೇ ಬೇಕು. ಆದರೆ ಅಲ್ಲಿಯೂ ಅವಸರ ಕೂಡದು. ಗಾಬರಿಗೊಂಡ ಹಕ್ಕಿಯ ಕೊಕ್ಕು ತೆರೆದು ನೀರು ಸುರಿದರೆ ಅದು ನಾಲಗೆಯ ಬುಡದಲ್ಲಿರುವ ಶ್ವಾಸನಾಳವನ್ನು ಸೇರಿ ಉಸಿರು ಕಟ್ಟಬಹುದು. ಹಾಲು ಹಕ್ಕಿಗಳ ಆಹಾರವಲ್ಲ. ಅದನ್ನು ಅವು ಅರಗಿಸಿಕೊಳ್ಳಲಾರವು. ಗಾಳಿಯಾಡುವ ರಂಧ್ರಗಳುಳ್ಳ ಪೆಟ್ಟಿಗೆಯಲ್ಲಿ ಮೆದುವಾದ ಬಟ್ಟೆ ಹಾಸಿ, ಕತ್ತಲೆಯಲ್ಲಿ, ಸದ್ದಿಲ್ಲದ ಬೆಚ್ಚನೆಯ ಜಾಗದಲ್ಲಿರಿಸಿ, ಪಶುವೈದ್ಯರಿಗೋ ಅರಣ್ಯ ಇಲಾಖೆಯವರಿಗೋ ಬೇಗನೆ ತಲುಪಿಸುವುದೇ ಯೋಗ್ಯ. ಪ್ರೀತಿಯಿಂದಲೇ ಆದರೂ ಗಿಳಿಯಂಥ ಕಾಡುಹಕ್ಕಿಯನ್ನು ಪಂಜರದಲ್ಲಿಟ್ಟು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ.

ಕಿಹೀಮಿನಿಂದ ಸಲೀಂ ಅಲಿಯವರ ಬದುಕು ಹೊಸ ದಾರಿ ಹಿಡಿಯಿತು. ದೇಶದ ಹಲವು ಸಂಸ್ಥಾನಗಳಲ್ಲಿ ಯಾವ ಹಕ್ಕಿಗಳಿವೆಯೆಂಬುದನ್ನು ಆವರೆಗೆ ಯಾರೂ ಕ್ರಮವಾಗಿ ಸಮೀಕ್ಷಿಸಿರಲಿಲ್ಲ. ಬಿಡಾರ ಮತ್ತು ಪ್ರಯಾಣದ ವೆಚ್ಚವನ್ನು ಸಂಸ್ಥಾನ ವಹಿಸಿಕೊಂಡರೆ ಸಂಬಳವಿಲ್ಲದೆ ದುಡಿಯಲು ತಾವು ಸಿದ್ಧರೆಂದು ಅವರು ತಿಳಿಸಿದರು. 1931–32ರಲ್ಲಿ ಹೈದರಾಬಾದು, ಆಮೇಲೆ ತಿರುವಾಂಕೂರು ಮತ್ತು ಕೊಚ್ಚಿ, 1939–40ರಲ್ಲಿ ಮೈಸೂರು ಹೀಗೆ ಒಂದರ ನಂತರ ಒಂದು ಸಂಸ್ಥಾನವನ್ನು ಸುತ್ತಿದರು. ಎತ್ತಿನ ಗಾಡಿ, ಡೇರೆ, ಕಾಲ್ನಡಿಗೆ ಇವೇ ಅವರ ಸಾಧನಗಳು. ಆರಂಭದ ವರ್ಷಗಳಲ್ಲಿ ತೆಹ್ಮಿನಾ ಅವರೂ ಕಾಡುಮೇಡುಗಳ ಆ ಬಿಡಾರಗಳಲ್ಲಿ ಪತಿಯೊಡನೆ ಬಾಳಿದರು. 1939ರಲ್ಲಿ ಆಕೆ ಶಸ್ತ್ರಚಿಕಿತ್ಸೆಯೊಂದರ ಬಳಿಕ ತೀರಿಕೊಂಡರು. ಆ ಆಘಾತದ ನಂತರ ಸಲೀಂ ಅಲಿ ಮರುವಿವಾಹವಾಗಲಿಲ್ಲ; ಸೋದರಿಯ ಮನೆಯಲ್ಲಿ ನೆಲೆಸಿ ಮತ್ತೆ ಹಕ್ಕಿಗಳ ಕೆಲಸಕ್ಕೇ ತಮ್ಮನ್ನು ಒಪ್ಪಿಸಿಕೊಂಡರು.

ಹೈದರಾಬಾದು ಸಂಸ್ಥಾನದ ದಕ್ಷಿಣದ ಗಡಿ ತುಂಗಭದ್ರೆಯವರೆಗೆ ಬರುತ್ತಿತ್ತು. ಮೈಸೂರು ಸಂಸ್ಥಾನದ ಉತ್ತರದ ಅಂಚು ಚಿತ್ರದುರ್ಗ ಜಿಲ್ಲೆ. ಇವೆರಡರ ನಡುವಿನ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಸೀಮೆ ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು; ಹಾಗಾಗಿ ಆ ಎರಡು ಸಮೀಕ್ಷೆಗಳಲ್ಲಿ ಯಾವುದರ ವ್ಯಾಪ್ತಿಗೂ ಅದು ಬರಲಿಲ್ಲ. ಆದರೆ ಹಕ್ಕಿಗಳಿಗೆ ಪ್ರಾಂತ್ಯಗಳ ಗಡಿ ತಿಳಿಯದು. ಕುರುಚಲು ಕಾಡು, ಹುಲ್ಲುಬಯಲು, ಕರಿಯ ಎರೆಭೂಮಿ, ಅಲ್ಲೊಂದು ಇಲ್ಲೊಂದು ಹಳೆಯ ಕೆರೆ ಇವುಗಳಲ್ಲಿ ವಾಸಿಸುವ ಯಾವ ಹಕ್ಕಿಗಳನ್ನು ಅವರು ನದಿಯ ಆಚೆಗೂ ದುರ್ಗದ ಈಚೆಗೂ ದಾಖಲಿಸಿದರೋ ಅವುಗಳಲ್ಲಿ ಬಹುಪಾಲು ಈ ಸೀಮೆಯಲ್ಲಿಯೂ ಮನೆಮಾಡಿಕೊಂಡಿದ್ದವು.

ಮೈಸೂರಿನ ಸಮೀಕ್ಷೆಯ ಕಾಲದಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ನೀರುಹಕ್ಕಿಗಳು ಗೂಡು ಕಟ್ಟುವುದನ್ನು ಅವರು ಕಂಡರು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಟ್ಟಿದ ಅಣೆಯಿಂದ ಆ ನಡುಗಡ್ಡೆಗಳು ಉಂಟಾಗಿದ್ದವು. ಮನುಷ್ಯ ತನ್ನ ಗದ್ದೆಗಳಿಗಾಗಿ ಮಾಡಿದ ಕೆಲಸ ಹಕ್ಕಿಗಳಿಗೂ ನೆಲೆಯಾಗಿತ್ತು! ಆ ಸ್ಥಳವನ್ನು ರಕ್ಷಿಸಬೇಕೆಂದು ಸಲೀಂ ಅಲಿ ಸಂಸ್ಥಾನಕ್ಕೆ ಸಲಹೆ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿತವಾಯಿತು. ಅಲ್ಲಿ ಹಕ್ಕಿಗಳಿಗೆ ಮನುಷ್ಯ ಕಾಳು ಹಾಕಲಿಲ್ಲ, ಗೂಡು ಕಟ್ಟಿಕೊಡಲಿಲ್ಲ. ಗೂಡಿರುವ ಮರಗಳ ಹತ್ತಿರಕ್ಕೆ ಜನ ನುಗ್ಗದಂತೆ ನೋಡಿಕೊಂಡರೆ ಉಳಿದುದನ್ನು ಹಕ್ಕಿಗಳೇ ನಿರ್ವಹಿಸಿಕೊಂಡವು. ಗುಂಪಾಗಿ ಗೂಡು ಕಟ್ಟುವ ಹಕ್ಕಿಗಳು ಬೆದರಿ ಮೇಲೆದ್ದರೆ ಆ ಕೆಲವೇ ನಿಮಿಷಗಳಲ್ಲಿ ಕಾಗೆ ಹದ್ದುಗಳು ಮೊಟ್ಟೆಗಳನ್ನು ಕದಿಯುತ್ತವೆ. ಬಿಸಿಲಿಗೆ ಎಳೆಮರಿಗಳು ಬಳಲುತ್ತವೆ. ಹತ್ತಿರದಿಂದ ನೋಡುವ, ಚಿತ್ರ ತೆಗೆಯುವ ಆಸೆಯೂ ಹೀಗೆ ಹಾನಿಯನ್ನುಂಟುಮಾಡುತ್ತದೆ.

1941ರಲ್ಲಿ ಅವರ ಭಾರತೀಯ ಪಕ್ಷಿಗಳ ಪುಸ್ತಕ ಪ್ರಕಟವಾಯಿತು. ಹಕ್ಕಿಯ ಗಾತ್ರವನ್ನು ಗುಬ್ಬಿ, ಗೊರವಂಕ, ಕಾಗೆಗಳಿಗೆ ಹೋಲಿಸಿ ಹೇಳುವ ಆ ಸರಳ ಪುಸ್ತಕದಿಂದ ಸಾಮಾನ್ಯ ಜನರೂ ಹಕ್ಕಿಗಳನ್ನು ಗುರುತಿಸಲು ಕಲಿತರು. ಸೆರೆಮನೆಯಲ್ಲಿದ್ದ ಜವಾಹರಲಾಲ್ ನೆಹರೂ ಅದರ ಪ್ರತಿಯೊಂದನ್ನು ತಮ್ಮ ಮಗಳಿಗೆ ಕಳುಹಿಸಿದ್ದರು. ಡಿಲ್ಲನ್ ರಿಪ್ಲಿ ಅವರೊಡನೆ ಬರೆದ ಹತ್ತು ಸಂಪುಟಗಳ ಬೃಹತ್ ಕೈಪಿಡಿ 1968ರಿಂದ 1974ರವರೆಗೆ ಹೊರಬಂದಿತು.

ಅವರ ಕಾರ್ಯಗಳಲ್ಲಿ ಒಂದಕ್ಕೆ ನಮ್ಮ ನಾಡಿನ ಒಂದು ಕಷ್ಟದೊಡನೆ ಸಂಬಂಧವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಮನುಷ್ಯರೂ ಜ್ವರಕ್ಕೆ ತುತ್ತಾದರು. ಅಂಥದೇ ರೋಗಾಣು ಸೋವಿಯತ್ ದೇಶದಲ್ಲಿಯೂ ಇದ್ದುದರಿಂದ, ಚಳಿಗಾಲದಲ್ಲಿ ಅಲ್ಲಿಂದ ಬರುವ ವಲಸೆಹಕ್ಕಿಗಳು ಉಣ್ಣೆಗಳ ಮೂಲಕ ಇದನ್ನು ತಂದಿರಬಹುದೆಂಬ ಸಂದೇಹ ಹುಟ್ಟಿತು. ಸಂದೇಹವನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳಿಗೆ ಬಳೆ ತೊಡಿಸುವ ಯೋಜನೆ ಆರಂಭವಾಯಿತು. ಹಕ್ಕಿಗಳನ್ನು ನೋವಾಗದಂತೆ ಬಲೆಯಲ್ಲಿ ಹಿಡಿದು, ಕಾಲಿಗೆ ಅಂಕಿಯಿರುವ ಹಗುರವಾದ ಲೋಹದ ಬಳೆ ತೊಡಿಸಿ ಬಿಡುವುದು ಇದರ ಕ್ರಮ. ಭರತಪುರದಲ್ಲಿ ಬಳೆ ತೊಟ್ಟ ಬಾತುಗಳು ಸೈಬೀರಿಯದಲ್ಲಿ ದೊರೆತವು. ರೋಗವನ್ನು ಹಕ್ಕಿಗಳೇ ತಂದವೆಂಬುದು ಸಿದ್ಧವಾಗಲಿಲ್ಲ. ಪರೀಕ್ಷಿಸದೆ ತೀರ್ಪು ಕೊಟ್ಟಿದ್ದರೆ ನಿರಪರಾಧಿ ಹಕ್ಕಿಗಳ ಮೇಲೆ ಎಷ್ಟು ಕೋವಿಗಳು ಏಳುತ್ತಿದ್ದವೋ ಊಹಿಸಬಹುದು.

ಸಲೀಂ ಅಲಿಯವರ ಮನಸ್ಸನ್ನು ಬಹಳ ಕಾಡಿದ ಒಂದು ಹಕ್ಕಿಯೆಂದರೆ ಹೆಬ್ಬಕ. ಬಯಲುಸೀಮೆಯಲ್ಲಿ ಇದನ್ನು ಎರೆಭೂತವೆಂದೂ ಕರೆಯುತ್ತಾರೆ. ಸುಮಾರು ಒಂದು ಮೀಟರ್ ಎತ್ತರ ನಿಲ್ಲುವ, ಹಾರುವ ಹಕ್ಕಿಗಳಲ್ಲೆಲ್ಲ ಅತಿ ಭಾರದವುಗಳಲ್ಲಿ ಒಂದಾದ ಇದು ತೆರೆದ ಹುಲ್ಲುಬಯಲಿನಲ್ಲಿ ಮಾತ್ರ ಬಾಳಬಲ್ಲದು. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ಇದನ್ನು ರಾಷ್ಟ್ರಪಕ್ಷಿಯಾಗಿ ಆರಿಸಿದರೆ ಜನರ ಗಮನ ಇದರ ಕಡೆಗೆ ಹರಿದೀತೆಂದು ಅವರು ಸೂಚಿಸಿದ್ದರು; 1963ರಲ್ಲಿ ಆ ಗೌರವ ನವಿಲಿಗೆ ಸಂದಿತು. ಹರಪನಹಳ್ಳಿಯ ಕಡೆಯಿಂದ ತುಂಗಭದ್ರೆಯನ್ನು ದಾಟಿದರೆ ಸಿಗುವ ರಾಣೆಬೆನ್ನೂರಿನ ಬಯಲುಗಳಲ್ಲಿ ಹೆಬ್ಬಕಗಳಿದ್ದವು. 1974ರಲ್ಲಿ ಆ ಪ್ರದೇಶ ಕೃಷ್ಣಮೃಗಗಳ ಅಭಯಾರಣ್ಯವಾಯಿತು. ಆದರೆ ಮರವಿಲ್ಲದ ನೆಲವೆಲ್ಲ ಬರಡುನೆಲ, ಅಲ್ಲಿ ಮರ ಬೆಳೆಸುವುದೇ ಪುಣ್ಯದ ಕೆಲಸ ಎಂಬ ಭಾವನೆ ಬಹುಕಾಲದಿಂದ ಬೇರೂರಿತ್ತು. ಬಯಲಿನ ಬಹುಭಾಗದಲ್ಲಿ ನೀಲಗಿರಿ ಮರಗಳ ತೋಪು ಎದ್ದಿತು. ದೂರದವರೆಗೆ ಕಣ್ಣು ಹಾಯಿಸಿ ಶತ್ರುವನ್ನು ಗುರುತಿಸುವ ಹಕ್ಕಿಗೆ ಸಾಲುಮರಗಳ ನಡುವೆ ಬಾಳು ಸಾಗದು. ಮರಗಳೊಂದೇ ಕಾರಣವಲ್ಲ, ಬೇಟೆಯೂ ಉಳುಮೆಯ ವಿಸ್ತರಣೆಯೂ ಜೊತೆಗೂಡಿದವು. ರಾಣೆಬೆನ್ನೂರಿನಿಂದ ಹೆಬ್ಬಕ ಮರೆಯಾಯಿತು. ಕರ್ನಾಟಕದಲ್ಲಿ ಈಚಿನ ವರ್ಷಗಳಲ್ಲಿ ಅದು ಕಂಡುಬಂದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತಲಿನ ಹೊಲಗಳಲ್ಲಿ, ಅದೂ ಬೆರಳೆಣಿಕೆಯಷ್ಟು. ಇಡೀ ಜಗತ್ತಿನಲ್ಲಿ ಸ್ವತಂತ್ರವಾಗಿ ಬಾಳುತ್ತಿರುವ ಹೆಬ್ಬಕಗಳು ಇನ್ನೂರನ್ನು ಮುಟ್ಟಲಾರವು.

ತಿಳಿದವರ ಸದುದ್ದೇಶವೂ ಎಡವಬಹುದೆಂಬುದಕ್ಕೆ ಸಲೀಂ ಅಲಿಯವರ ಬಾಳಿನಲ್ಲಿಯೇ ಒಂದು ನಿದರ್ಶನವಿದೆ. ಅದನ್ನು ಬಿಟ್ಟು ಅವರ ಚರಿತ್ರೆಯನ್ನು ಹೇಳಿದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ.

ರಾಜಸ್ಥಾನದ ಭರತಪುರದ ಬಳಿ ಕೇವಲಾದೇವ ಘನಾ ಎಂಬ ಸುಮಾರು 29 ಚದರ ಕಿಲೋಮೀಟರುಗಳ ಜೌಗುಪ್ರದೇಶವಿದೆ. ಅದು ಅಲ್ಲಿನ ಅರಸರು ಬಾತುಗಳ ಬೇಟೆಗಾಗಿ ಕಾಲುವೆಗಳಿಂದ ನೀರು ತುಂಬಿಸಿ ಸಿದ್ಧಪಡಿಸಿದ ತಾಣ. 1938ರಲ್ಲಿ ವೈಸರಾಯ್ ಲಿನ್‌ಲಿಥ್‌ಗೋ ಅವರ ಗೌರವಾರ್ಥ ಏರ್ಪಡಿಸಿದ ಬೇಟೆಯಲ್ಲಿ ಒಂದೇ ದಿನ ನಾಲ್ಕು ಸಾವಿರಕ್ಕೂ ಮಿಕ್ಕಿ ಹಕ್ಕಿಗಳು ಉರುಳಿದ್ದವು. ಸ್ವಾತಂತ್ರ್ಯಾನಂತರ ಅದರ ನೀರನ್ನು ಬಸಿದು ಹೊಲಗಳನ್ನಾಗಿ ಮಾಡಬೇಕೆಂಬ ಒತ್ತಾಯ ಬಂದಿತು. ಸಲೀಂ ಅಲಿ ಪ್ರಧಾನಿ ನೆಹರೂ ಅವರ ಬಳಿ ವಾದಿಸಿ ಅದನ್ನು ಉಳಿಸಿದರು. ಅವರು ಇಲ್ಲದಿದ್ದರೆ ಭರತಪುರವೇ ಉಳಿಯುತ್ತಿರಲಿಲ್ಲವೆಂದರೆ ಉತ್ಪ್ರೇಕ್ಷೆಯಾಗದು.

ಸುತ್ತಲಿನ ಹಳ್ಳಿಗಳ ಎಮ್ಮೆಗಳು ತಲೆತಲಾಂತರದಿಂದ ಆ ಜೌಗಿನಲ್ಲಿ ಮೇಯುತ್ತಿದ್ದವು. ಇಷ್ಟೊಂದು ದನಗಳು ತುಳಿದಾಡಿದರೆ ಹಕ್ಕಿಗಳ ನೆಲೆ ಕೆಡುವುದೆಂದು ಸಲೀಂ ಅಲಿಯವರೂ ಅವರ ಸಂಗಡಿಗರೂ ಬಗೆದರು. ಮೇವನ್ನು ನಿಷೇಧಿಸಬೇಕೆಂದು ಸಲಹೆ ನೀಡಿದರು. ಮೇಲುನೋಟಕ್ಕೆ ಅದು ಸರಿಯಾದ ಮಾತೆಂದೇ ಯಾರಿಗಾದರೂ ತೋರುತ್ತದೆ. ಘನಾ ರಾಷ್ಟ್ರೀಯ ಉದ್ಯಾನವಾಯಿತು. 1982ರಲ್ಲಿ ಮೇವಿಗೆ ಪೂರ್ಣ ನಿಷೇಧ ಜಾರಿಯಾಯಿತು. ಪರ್ಯಾಯ ವ್ಯವಸ್ಥೆಯಿಲ್ಲದೆ ತಮ್ಮ ದನಗಳನ್ನು ತಡೆದುದಕ್ಕೆ ಹಳ್ಳಿಗರು ಪ್ರತಿಭಟಿಸಿದರು. ಘರ್ಷಣೆಯಾಯಿತು, ಪೊಲೀಸರ ಗುಂಡಿಗೆ ಹಳ್ಳಿಗರು ಬಲಿಯಾದರು. ಹಕ್ಕಿಗಳ ಹೆಸರಿನಲ್ಲಿ ಮನುಷ್ಯರ ರಕ್ತ ಚೆಲ್ಲಿತು.

ಅನಂತರದ ವರ್ಷಗಳಲ್ಲಿ ಆದದ್ದೇನು? ಎಮ್ಮೆಗಳಿಲ್ಲದ ಜೌಗಿನಲ್ಲಿ ಪಾಸ್ಪಾಲಂ ಎಂಬ ನೀರುಹುಲ್ಲು ತಡೆಯಿಲ್ಲದೆ ಹಬ್ಬಿತು. ತೆರೆದ ನೀರಿನ ಹರವು ಕುಗ್ಗಿತು. ನೀರಿನಡಿಯ ಗಿಡಗಡ್ಡೆಗಳನ್ನೂ ಮೀನುಗಳನ್ನೂ ಅರಸಿ ಬರುವ ಹಕ್ಕಿಗಳಿಗೆ ಇಳಿಯಲು ಜಾಗವಿಲ್ಲದಂತಾಯಿತು. ಎಮ್ಮೆಗಳು ಹಕ್ಕಿಗಳ ಶತ್ರುಗಳಾಗಿರಲಿಲ್ಲ. ಹುಲ್ಲನ್ನು ಮೇದು ನೀರನ್ನು ತೆರವಾಗಿಟ್ಟು ಅವು ಹಕ್ಕಿಗಳಿಗೆ ನೆರವಾಗಿದ್ದವು. ಇದನ್ನು ಕಂಡುಹಿಡಿದವರು ಸಲೀಂ ಅಲಿಯವರ ವಿರೋಧಿಗಳಲ್ಲ, ಅವರ ಸಂಘದ ವಿಜ್ಞಾನಿಗಳೇ. ವಿ. ಎಸ್. ವಿಜಯನ್ ಅವರ ನೇತೃತ್ವದಲ್ಲಿ 1980ರಿಂದ ಹತ್ತು ವರ್ಷ ಕಾಲ ನೀರು, ಹುಲ್ಲು, ಮೀನು, ಹಕ್ಕಿ ಎಲ್ಲವನ್ನೂ ಅಳೆದು ಎಣಿಸಿ ಅವರು ಈ ನಿರ್ಣಯಕ್ಕೆ ಬಂದರು. ಹಿರಿಯರ ಅಭಿಪ್ರಾಯಕ್ಕೆ ವಿರುದ್ಧವಾದ ಫಲಿತಾಂಶವನ್ನು ಸಂಘ ಬಚ್ಚಿಡಲಿಲ್ಲ, ಪ್ರಕಟಿಸಿತು. ಕಿಹೀಮಿನ ಏಣಿಯ ಮೇಲೆ ಸಲೀಂ ಅಲಿ ಪಾಲಿಸಿದ ಕ್ರಮವೂ ಇದೇ ಆಗಿತ್ತು.

ಆ ಪೂರ್ಣ ವರದಿ ಹೊರಬರುವ ವೇಳೆಗೆ ಅವರು ಇರಲಿಲ್ಲ. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಅವರಿಗೆ ಸಂದಿದ್ದವು. ವನ್ಯಜೀವಿ ಸಂರಕ್ಷಣೆಗಾಗಿ ದೊರೆತ ಅಂತರರಾಷ್ಟ್ರೀಯ ಗೆಟ್ಟಿ ಪಾರಿತೋಷಕದ ಹಣವನ್ನು ಅವರು ನಿಸರ್ಗ ಸಂರಕ್ಷಣೆಯ ನಿಧಿಗೆ ಕೊಟ್ಟರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು; ಅದೇ ವರ್ಷ ಅವರ ಆತ್ಮಕಥೆ ಪ್ರಕಟವಾಯಿತು. ಅದರ ಹೆಸರಿನಲ್ಲಿ ಇರುವುದು ಅಂದು ಕೋವಿಗೆ ಉರುಳಿದ ಆ ಗುಬ್ಬಿಯೇ. 1987ರ ಜೂನ್ ತಿಂಗಳಿನಲ್ಲಿ, ತಮ್ಮ ತೊಂಬತ್ತೊಂದನೆಯ ವರ್ಷದಲ್ಲಿ, ಮುಂಬಯಿಯಲ್ಲಿ ಸಲೀಂ ಅಲಿ ನಿಧನರಾದರು. 1990ರಲ್ಲಿ ಕೊಯಮತ್ತೂರಿನಲ್ಲಿ ಸ್ಥಾಪಿತವಾದ ಪಕ್ಷಿವಿಜ್ಞಾನ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು. ಭರತಪುರದ ಅಧ್ಯಯನವನ್ನು ನಡೆಸಿದ ವಿಜಯನ್ ಅವರೇ ಅದರ ಮೊದಲ ನಿರ್ದೇಶಕರಾದರು.

ಸಲೀಂ ಅಲಿಯವರ ಎರಡು ಸಮೀಕ್ಷೆಗಳ ನಡುವೆ ಉಳಿದುಹೋಗಿದ್ದ ಸೀಮೆಯಲ್ಲಿ ಇಂದು ಹಕ್ಕಿಗಳ ಪ್ರಸಿದ್ಧ ನೆಲೆಯೊಂದು ಗುರುತಿಗೆ ಬಂದಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಹಿಂದಿನವರು ಬೇಸಾಯಕ್ಕಾಗಿ ಕಟ್ಟಿಸಿದ್ದು. ಅದರ ವಿಸ್ತೀರ್ಣ ಸುಮಾರು 98 ಹೆಕ್ಟೇರು. ನೀರಿನ ನಡುವೆ ನಿಂತ ಜಾಲಿಯ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ ಮೊದಲಾದವು ಗುಂಪುಗುಂಪಾಗಿ ತಂಗುತ್ತವೆ, ಗೂಡು ಕಟ್ಟುತ್ತವೆ. ಮುಳ್ಳಿನ ಮರ, ಕೆಸರಿನ ನೀರು, ಕೊಳೆತ ಮೀನಿನ ವಾಸನೆ ಇವನ್ನೆಲ್ಲ ಕಂಡು, ಕೆರೆಯನ್ನು ಶುಚಿಗೊಳಿಸಿ ಮುಳ್ಳುಗಿಡಗಳನ್ನು ಕಡಿದು ಅಂದವಾದ ಉದ್ಯಾನ ಮಾಡಬೇಕೆಂದು ಯಾರಿಗಾದರೂ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ನಾಯಿ ನರಿಗಳು ಏರಲಾರದ ಆ ಮುಳ್ಳಿನ ಕೊಂಬೆಗಳೇ ಮರಿಗಳ ಕೋಟೆ; ಆ ಕೆಸರೇ ಅವುಗಳ ಉಗ್ರಾಣ. 2017ರಲ್ಲಿ ಸರ್ಕಾರ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. 2024ರ ಆರಂಭದಲ್ಲಿ, ಅಂತರರಾಷ್ಟ್ರೀಯ ಮಹತ್ತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಯಲ್ಲಿ ಅಂಕಸಮುದ್ರವೂ ಸೇರಿತೆಂಬ ಪ್ರಕಟಣೆ ಹೊರಬಂದಿತು. ಅದಕ್ಕೂ ಬಹಳ ಮೊದಲೇ ಆ ಭಾಗದ ಪಕ್ಷಿವೀಕ್ಷಕರು ವರ್ಷ ವರ್ಷವೂ ಕೆರೆಯ ಏರಿಯ ಮೇಲೆ ನಿಂತು, ಯಾವ ಹಕ್ಕಿ ಎಂದು ಬಂದಿತು, ಎಷ್ಟು ಬಂದವು ಎಂಬುದನ್ನು ಎಣಿಸಿ ಬರೆದಿಟ್ಟಿದ್ದರು.